ಕಲಂ ಹನ್ನೊಂದು

ಹೈಮಾದಿಂದ ಎಪ್ಪತ್ತು ಕಿಲೋಮೀಟರು,
ಡಾಂಬರು ಮುಗಿದ ಮೇಲೆ ಲೆಕ್ಕ ನಮ್ಮದೇ.
ಬಿಳಿ ಬಯಲು. ಗುಡ್ಡವಿಲ್ಲ, ಗುರುತಿಲ್ಲ.
ಡ್ರೈವರ್ ದಾರಿ ತಪ್ಪಿದ. ಮುಸಲ್ಲಂ, ಹನ್ನೆರಡರ ಪೋರ,
ಪಿಕಪ್ಪಿನ ಹಿಂದೆ ನಿಂತು ತಗಡು ಬಡಿದು
ದಾರಿ ಹೇಳಿದ: ಎಡಕ್ಕೆ ಒಂದೇಟು, ಬಲಕ್ಕೆ ಎರಡು.

ಐದು ಮನೆ, ಒಂದು ಡೀಸೆಲ್ ಯಂತ್ರ.
ಸಂಜೆ ಆರಕ್ಕೆ ಕೆಮ್ಮುತ್ತ ಎದ್ದರೆ ಹತ್ತಕ್ಕೆ ಮಲಗುವುದು,
ಟ್ಯಾಂಕರ್ ತಡವಾದ ವಾರ ಏಳುವುದೇ ಇಲ್ಲ.
ಇಷ್ಟಕ್ಕೂ ಎಣ್ಣೆ ಇವರ ಕಾಲಡಿಯದೇ.
ಆಚೆ ದಿಗಂತದಲ್ಲಿ ಹಗಲಿರುಳು ಒಂದು ಜ್ವಾಲೆ.
ಅದರ ಬೆಳಕು ಇಲ್ಲಿಯ ತನಕ ಬರುತ್ತದೆ,
ಓದಲು ಸಾಲದು.

ಮುದುಕಿ ತಫೂಲ್ ನನ್ನ ಮುಖ ನೋಡಿ
ಜಂಜಿಬಾರದವನಾ ಎಂದಳು.
ಈ ಗುಂಗುರು ಕೂದಲು, ಈ ಬಣ್ಣ. ತಪ್ಪೇನಿಲ್ಲ.
ಅಲ್ಲಜ್ಜಿ, ಹಳಿಯಾಳದ ಕಾಡಿನವನು, ಸಿದ್ದಿ,
ನಮ್ಮ ಹಿರಿಯರನ್ನು ಯಾವ ಹಡಗು ಎಲ್ಲಿಂದ ತಂದಿತೋ
ಬರೆದಿಟ್ಟವರು ನಮಗೆ ತೋರಿಸಲಿಲ್ಲ
ಎನ್ನುವಷ್ಟು ಅರಬ್ಬಿ ನನಗೆ ಬಾರದು.
ಹಿಂದ್, ಎಂದೆ.
ನಂಬಲಿಲ್ಲ. ಹಾಲು ಕೊಟ್ಟಳು.

ಅವಳ ಅರಬ್ಬಿಯೂ ಅಷ್ಟಕ್ಕಷ್ಟೆ.
ಮನೆಯೊಳಗೆ ಬೇರೆ ಮಾತು, ಲಿಪಿಯಿಲ್ಲದ್ದು,
ಗಂಟಲ ತಳದಿಂದ ಸೇದಿ ತೆಗೆಯುವಂಥದ್ದು.
ಆ ಮಾತಿನಲ್ಲಿ ಬ್ಯಾಟರಿಗೆ ಹೆಸರಿಲ್ಲ.
ಮುಟ್ಟಿದಳು, ತಟ್ಟಿದಳು, ಕಿವಿಗೊಟ್ಟಳು,
ಮೇಕೆ ಚರ್ಮದ ನೀರುಚೀಲದ ಹೆಸರನ್ನೇ
ಅದಕ್ಕೂ ಇಟ್ಟಳು.
ಶೇಕಡಾ ಎಂಬತ್ತು ಎಂದೆ ನಾನು, ಕಣ್ಣು ಮಿಟುಕಿಸಲಿಲ್ಲ.
ಚೀಲ ಕುತ್ತಿಗೆಯ ತನಕ ಇದೆ ಎಂದ ಮುಸಲ್ಲಂ.
ಆಗ ಶುರುವಾಯಿತು ಅವಳ ಲೆಕ್ಕ:
ಫ್ರಿಜ್ಜಿನ ಔಷಧಿಗೆ ಎಷ್ಟು, ದೀಪಕ್ಕೆ ಎಷ್ಟು,
ಬೆಳಗಾಗುವ ತನಕ ತಳದಲ್ಲಿ ಎಷ್ಟು ಬಿಡಬೇಕು.
ನೀರಿಲ್ಲದೆ ಹಾಲಿನ ಮೇಲೆ ಬೇಸಗೆ ದಾಟಿದವರಿಗೆ
ಮಿತಬಳಕೆ ಕಲಿಸುವ ನಲವತ್ತು ಪುಟದ ಪುಸ್ತಕ
ನನ್ನ ಕೈಯಲ್ಲಿತ್ತು.
ಮುಚ್ಚಿ ಸೀಟಿನಡಿ ಹಾಕಿದೆ.

ನಮ್ಮ ಕೇರಿಗೂ ಬಂದಿತ್ತು ಒಮ್ಮೆ ಬಿಸಿಲಿನ ದೀಪ.
ರಿಬ್ಬನ್ನು, ಫೋಟೋ, ತಲೆಗೊಂದು ಪೇಡೆ.
ವರ್ಷ ತುಂಬುವುದರೊಳಗೆ ಇರುವೆ ಗೂಡು ಕಟ್ಟಿತು ಒಳಗೆ.
ಬಿಚ್ಚಲು ಯಾರಿಗೂ ಬಾರದು. ಅಂಟಿಸಿದ ಫೋನ್ ನಂಬರು
ಚಾಲ್ತಿಯಲ್ಲಿಲ್ಲ.
ಕಂಬಕ್ಕೆ ಎಮ್ಮೆ ಕಟ್ಟಿದೆವು. ಕಂಬ ಗಟ್ಟಿ, ಸುಳ್ಳು ಹೇಳಬಾರದು.
ನಾನು ಸ್ಕ್ರೂಡ್ರೈವರ್ ಹಿಡಿದದ್ದು ಆ ಸಿಟ್ಟಿಗೆ.

ಅದಕ್ಕೇ ಮೂರು ದಿನದ ಕೆಲಸಕ್ಕೆ ಇಲ್ಲಿ ಎಂಟು ದಿನ.
ಮುಸಲ್ಲಂ ಬಿಚ್ಚಿದ, ಕಟ್ಟಿದ, ಫ್ಯೂಸು ಸುಟ್ಟ,
ನಾಲಗೆ ಕಚ್ಚಿಕೊಂಡು ಮತ್ತೆ ಬಿಚ್ಚಿದ.
ಅವನ ಸೋದರತ್ತೆ ಘಾಲಿಯಾ ಬಾಗಿಲ ಮರೆಯಿಂದ
ನೋಡುತ್ತಿದ್ದಳು, ಹತ್ತಿರ ಬರಲಿಲ್ಲ.
ಅವನು ತಪ್ಪಾಗಿ ಜೋಡಿಸಿ ಮಲಗಿದ ತಂತಿ
ಬೆಳಿಗ್ಗೆ ಸರಿಯಾಗಿರುತ್ತಿತ್ತು.

ಯಂತ್ರ ನಿಂತ ಮೊದಲ ರಾತ್ರಿ ಯಾರಿಗೂ ನಿದ್ದೆಯಿಲ್ಲ.
ಒಂಟೆ ಮೆಲುಕು ಹಾಕುವುದೂ ಕೇಳುವಷ್ಟು ಮೌನ.
ಸ್ವಲ್ಪ ಹೊತ್ತು ಹಚ್ಚಿ, ಮಕ್ಕಳು ಮಲಗಲಿ
ಎಂದರು ಯಾರೋ. ನಗು.
ಆಮೇಲೆ ಸುಮ್ಮನೆ ಆಲಿಸುತ್ತ ಬಿದ್ದುಕೊಂಡೆವು.

ನಸುಕಿಗೆ ಕಡಲ ಕಡೆಯಿಂದ ಮಂಜು.
ಫಲಕದ ಗಾಜಿನ ಮೇಲೆ ಹನಿ ಹನಿ ಕೂಡಿ
ಧೂಳು ಹೊತ್ತು ಕೆಳಗಿನ ಅಂಚಿಗೆ ಇಳಿಯುವಾಗ
ಮೇಕೆಗಳು ಸಾಲಾಗಿ ನಿಂತು ನೆಕ್ಕುತ್ತಿದ್ದವು.
ಅಯ್ಯೋ ಎಂದು ಕಲ್ಲೆತ್ತಿದೆ.
ತಫೂಲ್ ನನ್ನ ಮಣಿಕಟ್ಟು ಹಿಡಿದಳು.
ಅವಳ ಹಿಡಿತ ಸ್ಪಾನರಿನದು.

ಕಂಪನಿಯ ಫಾರಂ, ಕಲಂ ಹನ್ನೊಂದು:
ಫಲಕ ತೊಳೆಯುವ ಹೊಣೆ ಯಾರದು?
ಮಸ್ಕತ್ತಿನ ಸಾಹೇಬರು ಓದಲಿ, ಬಿಡಲಿ,
ಮೇಕೆಗಳು ಎಂದು ಬರೆದೆ. ಸಂಖ್ಯೆ ಮೂವತ್ತೊಂದು.
ಕಲಂ ಹನ್ನೆರಡು, ದುರಸ್ತಿ: ಮುಸಲ್ಲಂ, ಎಂದು ಬರೆದು,
ಬಾಗಿಲ ಕಡೆ ನೋಡಿ, ಮತ್ತೊಂದು ಹೆಸರಿಗೆ ಜಾಗ ಬಿಟ್ಟೆ.

ಹೈಮಾ ಮುಟ್ಟಿ ಪೆಟ್ಟಿಗೆ ತೆರೆದರೆ
ಎರಡನೇ ನಂಬರಿನ ಸ್ಕ್ರೂಡ್ರೈವರ್ ಇಲ್ಲ.
ಹಿಂದಿರುಗಿ ಕೇಳಲಿಲ್ಲ.